ಮೂರನೆಯ ಪೆಟ್ಟು

ಶನಿವಾರ ಸಂಜೆ ದೀಪ ಇಟ್ಟ ಮೇಲೆ ನಾನು ಟಿವಿಯಲ್ಲಿ ಕುಸ್ತಿ ಹಾಕುತ್ತೇನೆ. ಇಷ್ಟ ಅಂತ ಅಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡ ದಾಂಡಿಗರು ಚಡ್ಡಿಯಲ್ಲಿ ಬಂದು ಒಬ್ಬರನ್ನೊಬ್ಬರು ಎತ್ತಿ ಬಿಸಾಡುವುದರಲ್ಲಿ ಎಪ್ಪತ್ತು ದಾಟಿದ ಹೆಂಗಸಿಗೆ ಆಗಬೇಕಾದದ್ದು ಏನೂ ಇಲ್ಲ. ಟಿವಿಯ ಎದುರು ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇದೆ. ಅದರಲ್ಲಿ ನಾನು ಕೂರುವುದಿಲ್ಲ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತೇನೆ. ಕುರ್ಚಿಯ ಬಲಗಡೆಯ ಗೋಡೆಯಲ್ಲಿ, ಕೂತವನ ಹೆಗಲಿನ ಎತ್ತರಕ್ಕೆ, ಒಂದು ಅಂಗೈ ಗುರುತು ಇದೆ. ನನ್ನ ಗಂಡನದ್ದು. ಅವರು ಸತ್ತು ಇದು ನಾಲ್ಕನೇ ವರ್ಷ. ಎರಡು ಸಲ ಸುಣ್ಣ ಬಳಿಸಿದೆ. ಗುರುತು ಮತ್ತೆ ಮೇಲೆ ಬಂತು. ಅಡಿಕೆಯ ಚೊಗರು ಹಿಡಿದ ಕೈ, ಹೋಗುವುದಿಲ್ಲ ಅಂತ ಸುಣ್ಣ ಬಳಿದವನು ಹೇಳಿದ. ಇರಬಹುದು.

ನಾನು ಆಲಂಕಾರಿನ ಶಾಲೆಗೆ ಮೂರನೇ ಕ್ಲಾಸಿನವರೆಗೆ ಹೋದವಳು. ಬರೆಯುವುದು ನಿಧಾನ. ಮಗಳು ಸಂಪಾಜೆಯಲ್ಲಿದ್ದಾಳೆ, ಹೇಳಿದರೆ ಬಂದು ಬರೆದುಕೊಡುತ್ತಾಳೆ. ಆದರೆ ಇದು ಅವಳಿಂದ ಬರೆಸುವಂಥದ್ದಲ್ಲ.

ಅಜ್ಜಾವರದ ಈ ಮನೆಗೆ ನಾನು ಮದುವೆಯಾಗಿ ಬಂದಾಗ ಇದು ಒಂದೇ ಮನೆ. ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಒಂದೇ ಒಲೆಯಲ್ಲಿ ಉಂಡವರು. ಅತ್ತೆ ಹೋದ ಮೇಲೆ ಪಾಲಾಯಿತು. ಚಾವಡಿಯ ನಡುವೆ ಕೆಂಪುಕಲ್ಲಿನ ಗೋಡೆ ಎದ್ದಿತು. ತೋಟ, ಹಟ್ಟಿ, ಪಾತ್ರೆ ಎಲ್ಲದಕ್ಕೂ ಸರಿಪಾಲು ಮಾಡಬಹುದು. ಕನ್ನಿಕಂಬಕ್ಕೆ ಮಾಡಲಿಕ್ಕೆ ಆಗುವುದಿಲ್ಲ. ನಮ್ಮ ಕಡೆ ಮನೆಯೊಳಗೆ ಒಂದು ಮರದ ಕಂಬಕ್ಕೆ ದಿನವೂ ದೀಪ ಇಡುತ್ತೇವೆ. ಮನೆಯ ಸತ್ತವರೆಲ್ಲ ಅದರ ಬುಡದಲ್ಲಿ ಇದ್ದಾರೆ ಅಂತ ಲೆಕ್ಕ. ಮಳೆಗಾಲದ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಅವರಿಗೆ ಎಲೆ ಹಾಕಿ ಬಡಿಸುವುದು ಅಲ್ಲಿಯೇ. ಹೊಸತಾಗಿ ಸತ್ತವರನ್ನು ಹಳಬರ ಜೊತೆ ಸೇರಿಸುವುದೂ ಅಲ್ಲಿಯೇ. ಹದಿನಾರಕ್ಕೆ ಸೇರಿಸುವುದು ಅನ್ನುತ್ತೇವೆ ಅದಕ್ಕೆ. ಸೇರದವನು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಗೋಡೆ ಎಲ್ಲಿ ಹಾಕಿದರೂ ಕಂಬ ಒಂದು ಬದಿಗೇ ಬೀಳಬೇಕಲ್ಲ. ಹಿರಿಯವ ಅಂತ ಭಾವನ ಬದಿಗೆ ಬಿತ್ತು.

ಗೋಡೆಯ ಕೊನೆಯ ಕಲ್ಲು ಇಡುವಾಗ ನನ್ನ ಗಂಡ ಅಂಗಳದಲ್ಲಿ ನಿಂತು ಕೂಗಿದರು.

"ಕಂಬ ನೀನೇ ಇಟ್ಟುಕೊ. ನಾನು ಸತ್ತರೂ ನಿನ್ನ ಕಂಬದ ಬುಡಕ್ಕೆ ಉಣ್ಲಿಕ್ಕೆ ಬರುದಿಲ್ಲ."

"ಹಸಿವಾದರೆ ಬರ್ತಿ," ಅಂದರು ಭಾವ.

ಅವರಿಬ್ಬರು ಮುಖ ನೋಡಿ ಆಡಿದ ಕೊನೆಯ ಮಾತು ಅದು. ಆಮೇಲೆ ಮದುವೆಗೆ ಹೋದರೆ ಒಬ್ಬರು ಮೊದಲ ಪಂಕ್ತಿ, ಒಬ್ಬರು ಎರಡನೆಯದು. ಸುಳ್ಯದ ಬಸ್ಸಿನಲ್ಲಿ ಒಬ್ಬರು ಮುಂದಿನ ಬಾಗಿಲು, ಒಬ್ಬರು ಹಿಂದಿನದು. ನಾನೂ ಭಾವನ ಹೆಂಡತಿಯೂ ಮಾತ್ರ ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಬಾವಿಗೆ ಗೋಡೆ ಕಟ್ಟಲಿಕ್ಕೆ ಯಾರಿಗೂ ನೆನಪಾಗಲಿಲ್ಲ.

ಎರಡು ಬದಿಗೂ ಟಿವಿ ಬಂತು, ಮಾಡಿನ ಮೇಲೆ ಡಿಶ್ ಬಂತು. ಎರಡು ಬದಿಯಲ್ಲೂ ಕುಸ್ತಿ ಹಿಡಿಯಿತು. ಹೇಗೆ ಹಿಡಿಯಿತೋ ಗೊತ್ತಿಲ್ಲ. ವಿವರಣೆ ಹಿಂದಿಯಲ್ಲಿ, ಇಬ್ಬರಿಗೂ ಹಿಂದಿ ಬಾರದು. ಆದರೆ ಅದಕ್ಕೆ ಭಾಷೆ ಎಷ್ಟು ಬೇಕು? ಒಬ್ಬ ಇನ್ನೊಬ್ಬನನ್ನು ಬೀಳಿಸಿ ಮೇಲೆ ಮಲಗುತ್ತಾನೆ. ಪಟ್ಟೆ ಅಂಗಿಯವನೊಬ್ಬ ಪಕ್ಕದಲ್ಲಿ ಬಿದ್ದುಕೊಂಡು ನೆಲಕ್ಕೆ ಅಂಗೈ ಬಡಿದು ಎಣಿಸುತ್ತಾನೆ. ಒಂದು, ಎರಡು, ಮೂರು. ಮೂರಾದರೆ ಮುಗಿಯಿತು. ಎರಡಕ್ಕೇ ಕೆಳಗಿನವ ಹೆಗಲು ಎತ್ತಿದರೆ ಮುಗಿದಿಲ್ಲ, ಮತ್ತೆ ಎದ್ದು ಹೊಡೆದಾಡಬೇಕು. ದೊಡ್ಡ ಪಂದ್ಯದಲ್ಲಿ ಗೆದ್ದವನಿಗೆ ಸೊಂಟಕ್ಕೆ ತಟ್ಟೆಯಷ್ಟು ಅಗಲದ ಚಿನ್ನದ ಬಣ್ಣದ ಪಟ್ಟಿ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಡಾಬು ಅಂತಲೇ ಹೆಸರು.

ನನ್ನ ಗಂಡನಿಗೆ ಒಬ್ಬ ಬೋಳುತಲೆಯವ ದೇವರು. ಭಾವನಿಗೆ ಸೊಂಟದವರೆಗೆ ಕೂದಲು ಬಿಟ್ಟವ. ಮೊದಲು ಆ ಇಬ್ಬರೂ ಜೋಡಿ. ಒಟ್ಟಿಗೆ ಬರುವುದು, ಒಟ್ಟಿಗೆ ಗೆಲ್ಲುವುದು. ಒಂದು ಶನಿವಾರ ಆಟದ ಹಿಂದಿನ ಕೋಣೆಯನ್ನು ತೋರಿಸಿದರು. ಕೂದಲಿನವ ಬಾಗಿಲ ಸಂದಿಯಲ್ಲಿ ಒಬ್ಬ ಕೋಟಿನವನ ಹತ್ತಿರ ಪಿಸಪಿಸ ಮಾತಾಡಿದ. ಅದಾಗಿ ಹೊರಗೆ ಬಂದವನೇ ಬೋಳನ ಬೆನ್ನಿಗೆ ಕಬ್ಬಿಣದ ಕುರ್ಚಿಯಿಂದ ಬಾರಿಸಿದ.

"ನೋಡು," ಅಂದರು ನನ್ನ ಗಂಡ. "ಅಣ್ಣನೇ. ತದ್ವತ್."

ಎದುರಿನ ಹೊಡೆದಾಟ ನಾಟಕ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ನಾನು ನೋಡುತ್ತಿದ್ದದ್ದು ಆ ಹಿಂದಿನ ಕೋಣೆಯನ್ನು. ಅಲ್ಲಿ ನಡೆಯುವುದು ನಾಟಕ ಅಲ್ಲ. ಎಲ್ಲ ಮನೆಯಲ್ಲೂ ಅಂಥ ಕೋಣೆ ಇರುತ್ತದೆ.

ಅಣ್ಣತಮ್ಮಂದಿರು ಮತ್ತೆ ಮಾತಾಡಲು ಶುರು ಮಾಡಿದ್ದು ಹಾಗೆ. ಮುಖ ನೋಡಿ ಅಲ್ಲ, ಗೋಡೆ ನೋಡಿ.

"ಏ ಬೋಳ, ಇವತ್ತು ನಿನಗೆ ಮಣ್ಣು ತಿನ್ನುದುಂಟು!" ಅಂತ ಆ ಕಡೆಯಿಂದ ಕೂಗು ಬರುತ್ತಿತ್ತು.

"ಕೂದಲು ಕೆರೆದುಕೊಂಡು ಕೂತುಕೊ! ಹೇನು ಬೀಳ್ತದೆ!" ಅಂತ ಈ ಕಡೆಯಿಂದ.

ಬೋಳ ಮೇಲೆ ಮಲಗಿದಾಗ ನನ್ನ ಗಂಡ ಪಟ್ಟೆ ಅಂಗಿಯವನ ಜೊತೆ ಗೋಡೆಗೆ ಅಂಗೈ ಬಡಿದು ಎಣಿಸುತ್ತಿದ್ದರು. ಒಂದು, ಎರಡು, ಮೂರು. ಆ ಕಡೆಯವರಿಗೆ ತಲೆಯೊಳಗೆ ಕೇಳಬೇಕು, ಹಾಗೆ. ಗುರುತು ಬಿದ್ದದ್ದು ಅದರಿಂದ.

ಆದರೆ ಒಂದು ವಿಚಿತ್ರ ಇತ್ತು. ಭಾವ ಆಟ ಶುರುವಾಗುವ ಮೊದಲೇ ಹೇಳಿಬಿಡುತ್ತಿದ್ದರು. "ಇವತ್ತು ಬೋಳ ಎರಡನೇ ಸಲ ಮೇಲೆ ಹತ್ತುವಾಗ ಬೀಳುದು," ಅಂದರೆ ಹಾಗೆಯೇ ಬೀಳುತ್ತಿದ್ದ. ಬೋಳ ಗೆಲ್ಲುವ ದಿನ ಆ ಕಡೆ ಟಿವಿಯೇ ಇಲ್ಲ, ದೀಪವೂ ಸಣ್ಣದು, ಸದ್ದಿಲ್ಲ. ನನ್ನ ಗಂಡ ಗೋಡೆಗೆ ಬಡಿದದ್ದೇ ಬಂತು.

ಒಂದು ದಿನ ಬಾವಿಕಟ್ಟೆಯಲ್ಲಿ ಭಾವನ ಹೆಂಡತಿಯನ್ನು ಕೇಳಿದೆ.

"ಅಕ್ಕ, ಯಾರು ಗೆಲ್ಲುದು ಅಂತ ಭಾವನಿಗೆ ಹೇಗೆ ಗೊತ್ತಾಗುದು?"

ಅಕ್ಕ ಕೊಡ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದು ನಕ್ಕರು. "ಗೊತ್ತಾಗುದು ಎಂತದ್ದು ಮಾರಾಯ್ತಿ! ಬೆಳಿಗ್ಗೆ ಐದೂವರೆಗೇ ನೋಡಿ ಆಗಿರ್ತದೆ. ಶಬ್ದ ಸಣ್ಣ ಮಾಡಿ ಟಿವಿಗೆ ಮುಖ ಅಂಟಿಸಿ ಕೂರುದು, ಕೋಳಿ ಕದ್ದವನ ಹಾಗೆ. ಸಂಜೆ ಬರುದು ಅದೇ. ಬೆಳಗ್ಗಿನ ಸಾರು ಬಿಸಿ ಮಾಡಿ ಬಡಿಸುದು."

ಬೆಳಿಗ್ಗೆ ಆ ಹೊತ್ತಿಗೆ ನನ್ನ ಗಂಡ ಹಾಲು ಹಿಡಿದುಕೊಂಡು ಡೈರಿಗೆ ಹೋಗಿರುತ್ತಿದ್ದರು. ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ.

"ನೀನು ಹೇಳಬೇಡ ಮತ್ತೆ," ಅಂದರು ಅಕ್ಕ. "ಕತ್ತಿ ಹಿಡಿದುಕೊಂಡು ಬಂದಾರು."

ನಾನು ಹೇಳಲಿಲ್ಲ. ಕತ್ತಿಗೆ ಹೆದರಿ ಅಲ್ಲ. ಮೊದಮೊದಲು ನನಗೆ ತಮಾಷೆಯಾಗಿತ್ತು. ಸೋತ ದಿನ ಅವರು ಊಟಕ್ಕೆ ಉಪ್ಪು ಕಡಿಮೆ, ಹುಳಿ ಜಾಸ್ತಿ ಅನ್ನದೆ ಉಂಡು ಏಳುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು. ಆಮೇಲೆ ಪ್ರತಿ ಶನಿವಾರ ನಸುಕಿನಲ್ಲಿ ಅಂಗಳ ಗುಡಿಸುವಾಗ ಗೋಡೆಗೆ ಕಿವಿ ಕೊಟ್ಟರೆ ನನಗೂ ಕೇಳುತ್ತಿತ್ತು, ಸಣ್ಣಗೆ, ಜೇನುಗೂಡಿನ ಹಾಗೆ.

ಹೀಗೆ ಒಂದು ವರ್ಷ ಹೋಗಿರಬಹುದು. ಒಂದು ಸಂಜೆ ಅವರು ಆಟದ ನಡುವೆಯೇ ಟಿವಿ ಆರಿಸಿದರು.

"ಅವನಿಗೆ ಹಿರಿಯರು ಹೇಳುದು," ಅಂದರು.

"ಎಂತ?"

"ಕಂಬ ಅವನ ಬದಿ ಉಂಟಲ್ಲ. ಹೊತ್ತಿಗೆ ಸರಿಯಾಗಿ ದೀಪ ಇಡ್ತಾನೆ. ಅವರು ಅವನ ಕಿವಿಗೆ ಹೇಳ್ತಾರೆ. ಇಲ್ಲದಿದ್ದರೆ ಮನುಷ್ಯನಿಗೆ ಇಷ್ಟು ಸರಿಯಾಗಿ ಗೊತ್ತಾಗ್ತದಾ?"

"ಹಿರಿಯರಿಗೆ ಕುಸ್ತಿ ನೋಡುದೇ ಕೆಲಸವಾ?"

"ನಗಬೇಡ." ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. "ನನ್ನ ಅಪ್ಪ, ಅಜ್ಜ, ಎಲ್ಲ ಅವನ ಕಡೆ ಸೇರಿದ್ದಾರೆ."

ಆಗ ಹೇಳಬೇಕಿತ್ತು. ಒಂದೇ ಮಾತು. ಬೆಳಿಗ್ಗೆ ನೋಡುತ್ತಾರೆ, ಅಷ್ಟೆ. ಆದರೆ ನನ್ನ ಬುದ್ಧಿ ಬೇರೆ ಓಡಿತು. ಹಿರಿಯರಿಗೆ ಹೆದರಿದರೆ ಇವರು ಬಗ್ಗುತ್ತಾರೆ, ಒಂದು ದಿನ ತೆಂಗಿನಕಾಯಿ ಹಿಡಿದು ಆ ಕಡೆ ಹೋಗಿ ಕಂಬಕ್ಕೆ ಅಡ್ಡ ಬೀಳುತ್ತಾರೆ, ಅಣ್ಣನ ಜೊತೆ ಮಾತಾಡುತ್ತಾರೆ, ಗೋಡೆಗೆ ಒಂದು ಬಾಗಿಲಾದರೂ ಆಗುತ್ತದೆ ಅಂತ ಲೆಕ್ಕ ಹಾಕಿದೆ. ಅವರ ಜೊತೆ ನಲವತ್ತು ವರ್ಷ ಬದುಕಿಯೂ ಅವರು ಬಗ್ಗುವವರಲ್ಲ ಅನ್ನುವುದು ನನಗೆ ತಿಳಿಯಲಿಲ್ಲ.

ಬಗ್ಗಲಿಲ್ಲ. ಒಳಗೆ ಕೊಳೆತರು. ಆಟಿಯಲ್ಲಿ ಆ ಕಡೆ ಬಡಿಸುವ ದಿನ ಇವರು ಪುತ್ತೂರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಒಂದು ವರ್ಷ ಬಂದವರು ಕಾಲು ತೊಳೆಯುತ್ತಾ ಹೇಳಿದರು.

"ನಾನು ಹೋದ ಮೇಲೆ ನನಗೆ ಅಲ್ಲಿ ಎಲೆ ಹಾಕಿಸಬೇಡ. ಕರೆದಲ್ಲಿಗೆ ಹೋಗಬಹುದು. ಬೇಡ ಅಂದವರ ಹತ್ತಿರ ಹೋಗಿ ಕೂರ್ಲಿಕ್ಕೆ ನನಗೆ ಮರ್ಯಾದೆ ಇಲ್ಲವಾ?"

ಆಮೇಲೆ ಎದೆನೋವು ಬಂತು. ಪುತ್ತೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದರು. ಬಂದ ಶನಿವಾರವೇ ದೊಡ್ಡ ಪಂದ್ಯ. ಬೋಳನಿಗೂ ಕೂದಲಿನವನಿಗೂ, ಡಾಬಿಗಾಗಿ. ಬೆಳಿಗ್ಗೆ ನಾನು ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ನಿಂತಿದ್ದೆ. ಗೋಡೆಯ ಆ ಕಡೆ ಸಣ್ಣ ಶಬ್ದ. ಆಮೇಲೆ ಭಾವನ ಬಾಯಲ್ಲಿ ಒಂದು ಕೆಟ್ಟ ಬೈಗುಳ. ಬೋಳ ಗೆದ್ದ ಅಂತ ತಿಳಿಯಿತು.

ಸಂಜೆ ಅವರನ್ನು ನೀಲಿ ಕುರ್ಚಿಯಲ್ಲಿ ಕೂರಿಸಿದೆ. ಮೈ ಮೇಲೆ ಕಂಬಳಿ.

"ಆಚೆ ಟಿವಿ ಇಲ್ಲವಾ?" ಅಂತ ಕೇಳಿದರು.

"ಇಲ್ಲ."

"ಹಾಗಾದರೆ ಬೋಳ ಗೆಲ್ತಾನೆ. ಅಣ್ಣನಿಗೆ ಸುದ್ದಿ ಮುಟ್ಟಿಯಾಗಿದೆ."

ಬೋಳ ಗೆದ್ದ. ಇವರು ಕಂಬಳಿಯಿಂದ ಕೈ ತೆಗೆದು ಗೋಡೆಗೆ ಬಡಿದರು. ಒಂದು. ಎರಡು. ಮೂರನೆಯದು ಬಡಿದ ಹಾಗಿರಲಿಲ್ಲ, ಸವರಿದ ಹಾಗಿತ್ತು. ಬೋಳ ಡಾಬು ಎತ್ತಿ ಹಿಡಿದು ಅಳುತ್ತಿದ್ದ. ಇವರು ಅದನ್ನು ನೋಡಲಿಲ್ಲ. ಗೋಡೆ ನೋಡುತ್ತಿದ್ದರು.

"ನನ್ನವ ಗೆದ್ದದ್ದನ್ನೂ ಮೊದಲು ಅವನಿಗೇ ಹೇಳಿದರಲ್ಲ," ಅಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಗಂಜಿ ಕೇಳಿದರು. ಗಂಜಿ ತರಲಿಕ್ಕೆ ಹೋದೆ. ಬಂದಾಗ ಹೇಳಬಹುದಿತ್ತು. ಅವರು ಸತ್ತದ್ದು ಸೋಮವಾರ ಬೆಳಿಗ್ಗೆ. ನನಗೆ ಒಂದು ಇಡೀ ಆದಿತ್ಯವಾರ ಇತ್ತು. ಹೇಳಲಿಲ್ಲ. ಇಷ್ಟು ವರ್ಷ ಗೊತ್ತಿದ್ದೂ ಹೇಳಲಿಲ್ಲ ಅಂತ ಆಗುತ್ತದಲ್ಲ, ಅದಕ್ಕೆ.

ಭಾವ ಬಂದು ಹೆಣ ಎತ್ತಲಿಕ್ಕೆ ಹೆಗಲು ಕೊಟ್ಟರು. ಅಂಗಳದಿಂದ ಕೊಟ್ಟರು, ಮನೆಯೊಳಗೆ ಕಾಲಿಡಲಿಲ್ಲ. ನನ್ನ ಗಂಡ ಬೇಡ ಅಂದಿದ್ದ ಎಲೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹಿರಿಯರ ಜೊತೆ ಸೇರದೆ ಅವರು ಎಲ್ಲಿಗೆ ಹೋಗಬೇಕು? ಸೇರಲೇಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ನಮ್ಮಲ್ಲಿ ಕ್ರಮ ಹೀಗೆ. ಕಂಬದ ಬುಡಕ್ಕೆ ಬಾಳೆಲೆ ಹಾಕುವುದು. ಸತ್ತವನಿಗೆ ಇಷ್ಟವಾದದ್ದನ್ನು ಬಡಿಸುವುದು. ಇವರಿಗೆ ಮೀನು, ಕೋಳಿ, ಒಂದು ಕುಡ್ತೆ ಕಳ್ಳು. ದೀಪ ಇಟ್ಟು, ಹೆಸರು ಹೇಳಿ ಕರೆದು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರಬೇಕು. ಒಂದು ವೀಳ್ಯ ಜಗಿದು ಮುಗಿಯುವಷ್ಟು ಹೊತ್ತು ಕಾಯಬೇಕು. ಮತ್ತೆ ಮನೆಯ ಹಿರಿಯ ಕೆಮ್ಮಿ ಬಾಗಿಲು ತೆಗೆಯುತ್ತಾನೆ. ಅನ್ನದ ರಾಶಿ ಒಂದು ಬದಿಗೆ ಸ್ವಲ್ಪ ಕುಸಿದಿದ್ದರೆ ಬಂದಿದ್ದಾರೆ ಅಂತ ಅರ್ಥ. ಅತ್ತೆಗೆ ಬಡಿಸಿದ ದಿನ ರಾಶಿಯ ತಲೆಯಲ್ಲಿ ಬೆರಳು ಊರಿದ ಹಾಗೆ ಗುಳಿ ಬಿದ್ದದ್ದನ್ನು ನಾನೇ ನೋಡಿದ್ದೇನೆ.

ಇವರಿಗೆ ಬಡಿಸಿದ ಮೊದಲ ಸಲ ಅನ್ನ ಹಾಕಿದ ಹಾಗೆಯೇ ಇತ್ತು. ಎರಡನೇ ವರ್ಷವೂ.

"ಬರಲಿಲ್ಲ," ಅಂದರು ಭಾವ. "ಅಂದ ಹಾಗೆಯೇ ಮಾಡಿದ."

ಬರದವರು ಎಲ್ಲಿದ್ದರು ಅಂತ ನನಗೆ ಗೊತ್ತಿತ್ತು. ಸತ್ತ ತಿಂಗಳಲ್ಲೇ ಒಂದು ಶನಿವಾರ ಮನೆ ತೀರಾ ಮೌನ ಆಯಿತು ಅಂತ ಟಿವಿ ಹಾಕಿದ್ದೆ. ಯಾರೋ ಯಾರ ಮೇಲೋ ಮಲಗಿದರು. ಪಟ್ಟೆ ಅಂಗಿಯವ ನೆಲಕ್ಕೆ ಬಡಿದ. ಅದರ ಜೊತೆಗೆ ಗೋಡೆಯಲ್ಲೂ ಧಬ್ ಅಂತ ಕೇಳಿತು. ಮೂರು ಸಲ. ಭಾವ ಆ ಕಡೆಯಿಂದ ಬಡಿಯುತ್ತಿದ್ದಾರೆ ಅಂದುಕೊಂಡೆ. ಮರುದಿನ ಅಕ್ಕನನ್ನು ಕೇಳಿದೆ.

"ಅವರಾ? ತಮ್ಮ ಹೋದ ಮೇಲೆ ಅವರು ಸಂಜೆ ಕುಸ್ತಿ ಹಾಕುದೇ ಇಲ್ಲ. ಆ ಹೊತ್ತಿಗೆ ಎದ್ದು ತೋಟಕ್ಕೆ ಹೋಗ್ತಾರೆ," ಅಂದರು ಅಕ್ಕ.

ಆಮೇಲೆ ಪ್ರತಿ ವಾರ ಹಾಗೆಯೇ. ಟಿವಿ ಹಾಕದಿದ್ದರೆ ಏನೂ ಇಲ್ಲ. ಹಾಕಿದರೆ ಉಂಟು. ಹೆದರಿಕೆ ಆಗುತ್ತಿತ್ತಾ ಅಂದರೆ ಆಗುತ್ತಿತ್ತು. ಆದರೂ ಹಾಕಿದೆ. ಬೇರೆ ಜಾಗ ಇಲ್ಲದವರನ್ನು ಇದ್ದ ಒಂದು ಜಾಗದಿಂದಲೂ ಓಡಿಸುವುದು ಹೇಗೆ?

ಕಳೆದ ಆಟಿಯಲ್ಲಿ ಮೂರನೇ ಸಲ ಬಡಿಸಿದೆವು. ಅಂದು ಶನಿವಾರ. ಬಾಗಿಲು ತೆಗೆದರು. ಅನ್ನ ಹಾಕಿದ ಹಾಗೆಯೇ. ಭಾವ ಮೆಟ್ಟಿಲಲ್ಲಿ ಕೂತುಬಿಟ್ಟರು. ಅವರಿಗೂ ಎಪ್ಪತ್ತೈದರ ಮೇಲೆ.

"ಎಂತ ಹಠ ಮಾರಾಯ ಇವನದ್ದು. ನಾನು ಹೋದ ಮೇಲೆ ಇವನನ್ನು ಕರೆಯುವವರು ಯಾರು?"

"ಹಠ ಅಲ್ಲ ಭಾವ," ಅಂದೆ. ಬಾಯಿಂದ ಬಂದುಬಿಟ್ಟಿತು. "ಹಿರಿಯರಿಗೆ ತಾನು ಬೇಡ ಅಂತ ತಿಳಿದು ಹೋದದ್ದು. ಯಾರು ಗೆಲ್ಲುದು ಅಂತ ಹಿರಿಯರೇ ನಿಮಗೆ ಹೇಳುದು ಅಂತ ನಂಬಿದ್ದರು. ನೀವು ಬೆಳಿಗ್ಗೆ ನೋಡುದು ಅವರಿಗೆ ಗೊತ್ತಿರಲಿಲ್ಲ."

ಭಾವ ಕೂತಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದರು.

"ನನಗೆ ಹಿರಿಯರು ಹೇಳುದಾ?" ಅಂದರು. "ನಲವತ್ತು ವರ್ಷ ದೀಪ ಇಟ್ಟಿದ್ದೇನೆ. ಒಂದು ಸಲವೂ ಅವರು ನನಗೆ ಎಂತದ್ದೂ ಹೇಳಲಿಲ್ಲ."

ಎದ್ದು ಒಳಗೆ ಹೋದರು. ಕಂಬದ ಎದುರು ನಿಂತು ಹಳೆಯ ಹಾಗೆಯೇ ಕೂಗಿದರು. "ಏ, ಕೇಳ್ತದಾ? ನಾನು ನಿನಗೆ ಮೋಸ ಮಾಡಿದ್ದು ಮಾರಾಯ. ನಾನು ಬೆಳಿಗ್ಗೆಯೇ ನೋಡ್ತಾ ಇದ್ದದ್ದು. ಹಿರಿಯರದ್ದು ಎಂತದ್ದೂ ಇಲ್ಲ. ನಿನ್ನ ಬೋಳ ಡಾಬು ಗೆದ್ದ ದಿನ ನನಗೆ ಅನ್ನ ಇಳಿಯಲಿಲ್ಲ. ಬಾ, ಉಣ್ಣು."

ಮತ್ತೆ ಬಾಗಿಲು ಹಾಕಿದೆವು. ಮತ್ತೆ ವೀಳ್ಯ ಜಗಿದೆವು. ಮತ್ತೆ ತೆಗೆದೆವು. ಅನ್ನ ಹಾಗೆಯೇ.

ಆಗ ಭಾವ ನನ್ನ ಕಡೆ ತಿರುಗಿದರು. "ನಾನು ಬೆಳಿಗ್ಗೆ ನೋಡುದು ನಿನಗೆ ಯಾವಾಗ ಗೊತ್ತಾದದ್ದು?"

ಅಕ್ಕ ನೆಲ ನೋಡಿದರು. ಈಚೆಗೆ ಗೊತ್ತಾಯಿತು ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಬಾಯಿಬಿಡುವವರಲ್ಲ.

"ಅವರು ಇರುವಾಗಲೇ," ಅಂದೆ.

"ಗೊತ್ತಿದ್ದೂ ಹೇಳಲಿಲ್ಲವಾ?"

"ಹೇಳಲಿಲ್ಲ."

ಶನಿವಾರ ಗೋಡೆಯಲ್ಲಿ ಕೇಳುವ ಮೂರು ಪೆಟ್ಟಿನ ವಿಷಯವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಗ್ಗಿ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಸಾರು ಸೋರುತ್ತಿತ್ತು. ಅಂಗಳಕ್ಕೆ ಇಳಿದು, ಸುತ್ತು ಬಂದು, ನನ್ನ ಮೆಟ್ಟಿಲು ಹತ್ತಿದರು. ಗೋಡೆ ಎದ್ದ ಮೇಲೆ ಅವರು ನನ್ನ ಬದಿಗೆ ಕಾಲಿಟ್ಟದ್ದು ಅದೇ ಮೊದಲು. ಎಲೆಯನ್ನು ನೀಲಿ ಕುರ್ಚಿಯ ಎದುರು ಇಟ್ಟರು. ಗೋಡೆಯ ಗುರುತು ಕಣ್ಣಿಗೆ ಬಿತ್ತು. ತಮ್ಮ ಅಂಗೈ ಅದರ ಹತ್ತಿರ ಹಿಡಿದು, ತಾಗಿಸದೆ ಹಿಂದೆ ತೆಗೆದರು. ಟಿವಿ ಹಾಕಿದರು. ಕುಸ್ತಿ ಶುರುವಾಗಿತ್ತು.

"ನನ್ನದು ಹೇಳಿ ಆಯ್ತು," ಅಂದರು. "ನಿನ್ನದು ನೀನು ಹೇಳು."

ಗಂಡನಿಗೆ ನಾನು ಜೀವಮಾನದಲ್ಲಿ ತಪ್ಪಾಯಿತು ಅಂದವಳಲ್ಲ. ಕುರ್ಚಿಯ ಎದುರು ನಿಂತೆ. "ನನಗೆ ಗೊತ್ತಿತ್ತು," ಅಂದೆ. "ನಿಮ್ಮ ಬಾಯಿ ಮುಚ್ಚಿದ್ದರೆ ನನಗೆ ಸುಖ ಅಂತ ಹೇಳಲಿಲ್ಲ. ಮತ್ತೆ ಹೇಳ್ಲಿಕ್ಕೆ ಹೆದರಿಕೆಯಾಯಿತು. ನಿಮ್ಮನ್ನು ಯಾರೂ ಬೇಡ ಅನ್ನಲಿಲ್ಲ. ಅದು ನಾನು ಬಾಯಿ ಬಿಡದೆ ಆದದ್ದು." ಅಷ್ಟೇ ಹೇಳಿದ್ದು. ಅಳು ಬರಲಿಲ್ಲ.

ಬಾಗಿಲು ಹಾಕಿ ಮೂವರೂ ಜಗಲಿಯಲ್ಲಿ ನಿಂತೆವು. ವೀಳ್ಯ ಮುಗಿದಿತ್ತು, ಬರೇ ಬಾಯಿಯಲ್ಲಿ ಕಾದೆವು. ಒಳಗೆ ಟಿವಿಯ ಜನ ಕೂಗುತ್ತಿದ್ದರು. ಯಾರೋ ಬಿದ್ದ ಸದ್ದು. ಪಟ್ಟೆ ಅಂಗಿಯವ ಎಣಿಸಲು ಶುರು ಮಾಡಿದ. ಭಾವ ಹೊರಗೋಡೆಗೆ ಅಂಗೈ ಕೊಟ್ಟು ನಿಂತಿದ್ದರು.

ಒಂದು. ಗೋಡೆಯಲ್ಲಿ ಧಬ್.

ಎರಡು. ಧಬ್.

ಮೂರು ಅಂತ ಟಿವಿಯಲ್ಲಿ ಕೂಗಿದರು, ಗಂಟೆ ಹೊಡೆದರು, ಜನ ಹುಚ್ಚೆದ್ದರು. ಗೋಡೆಯಲ್ಲಿ ಏನೂ ಇಲ್ಲ.

"ಮೂರನೆಯದ್ದು?" ಅಂದರು ಭಾವ, ಸಣ್ಣ ಧ್ವನಿಯಲ್ಲಿ.

"ಬರಲಿಲ್ಲ," ಅಂದೆ.

ಅಕ್ಕ ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಏನೂ ಕೇಳಿರಲಿಲ್ಲ. "ಹಾಗಂದರೆ ಎಂತ?" ಅಂತ ಕೇಳಿದರು.

"ಮುಗಿಯಲಿಲ್ಲ ಅಂತ," ಅಂದರು ಭಾವ.

ಅನ್ನ ಹಾಕಿದ ಹಾಗೆಯೇ ಇತ್ತು. ನಾನೇ ತೆಗೆದು ತೆಂಗಿನ ಬುಡಕ್ಕೆ ಹಾಕಿದೆ.

ಈಗ ಭಾವ ಬೆಳಿಗ್ಗೆ ಟಿವಿ ಹಾಕುವುದಿಲ್ಲ. ಅಂಗಳ ಗುಡಿಸುವಾಗ ಗೋಡೆಯ ಆ ಕಡೆ ಸದ್ದೇ ಇಲ್ಲ. ಶನಿವಾರ ಸಂಜೆ ಸುತ್ತು ಬಂದು ನನ್ನ ಬದಿಯಲ್ಲಿ ಚಾಪೆ ಹಾಕಿ ಕೂರುತ್ತಾರೆ. ಕುರ್ಚಿ ಖಾಲಿ. ಯಾರು ಗೆಲ್ಲುತ್ತಾರೆ ಅಂತ ಅವರಿಗೂ ಗೊತ್ತಿಲ್ಲ, ಕೂದಲಿನವನ ಹೆಸರು ಹಿಡಿದು ಕೂಗಿ ಸೋಲುತ್ತಾರೆ. ಬೋಳನಿಗೂ ವಯಸ್ಸಾಗಿದೆ, ಮೊಣಗಂಟಿಗೆ ಪಟ್ಟಿ ಕಟ್ಟಿಕೊಂಡು ಬರುತ್ತಾನೆ. ಆಟಿ ಬರಲು ಇನ್ನು ಎರಡು ತಿಂಗಳು. ಈ ಸಲ ಎಲೆ ಕಂಬದ ಬುಡಕ್ಕೋ ಕುರ್ಚಿಯ ಎದುರಿಗೋ ಅಂತ ನಾವು ಮಾತಾಡಿಲ್ಲ.

ಯಾರಾದರೂ ಬಿದ್ದರೆ, ಪಟ್ಟೆ ಅಂಗಿಯವ ಕೈ ಎತ್ತಿದರೆ, ಭಾವ ಕೂಗುವುದನ್ನು ನಿಲ್ಲಿಸುತ್ತಾರೆ. ಒಂದು ಕೇಳುತ್ತದೆ. ಎರಡು ಕೇಳುತ್ತದೆ. ಆಮೇಲೆ ನಾವಿಬ್ಬರೂ ಟಿವಿ ಬಿಟ್ಟು ಗೋಡೆ ನೋಡುತ್ತೇವೆ.